ಶುಕ್ರವಾರ ಪಶ್ಚಿಮಕ್ಕೆ

ಶುಕ್ರವಾರ ಪಶ್ಚಿಮಕ್ಕೆ ಹೊರಡಬಾರದು ಎಂದು ಶಾಸ್ತ್ರ ಬರೆದವರು ಯಾರೋ ನನಗೆ ಗೊತ್ತಿಲ್ಲ. ಅವರ ಮನೆಗೆ ಹಡಗಿನಲ್ಲಿ ನೆಂಟರು ಬರುತ್ತಿರಲಿಲ್ಲ ಎಂಬುದಂತೂ ಖಂಡಿತ. ಹಡಗು ಮಂಗಳೂರಿನ ಬಂದರಿಗೆ ಶನಿವಾರ ಬೆಳಿಗ್ಗೆ ಬರುತ್ತದೆ. ನಮ್ಮ ಚಾಮರಾಜಪೇಟೆಯಿಂದ ಮಂಗಳೂರಿಗೆ ಒಂದು ಹಗಲಿನ ದಾರಿ. ಹಾಗಾದರೆ ಶುಕ್ರವಾರವೇ ಹೊರಡಬೇಕು. ಮೂರನೇ ಕ್ಲಾಸಿನ ಮಕ್ಕಳೂ ಮಾಡುವ ಲೆಕ್ಕ ಇದು. ಅಮ್ಮನಿಗೆ ಮೂರು ಸಲ ಬಿಡಿಸಿ ಹೇಳಿದೆ. ಅವಳು ಕನ್ನಡಕ ಏರಿಸಿಕೊಂಡು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತವಳು ನನ್ನ ಕಡೆ ತಿರುಗಲೇ ಇಲ್ಲ.

“ವಾರಶೂಲೆ ಇದೆ ಕಣೇ. ಶುಕ್ರವಾರ, ಭಾನುವಾರ ಪಶ್ಚಿಮಕ್ಕೆ ಕಾಲಿಡಬಾರದು.”

“ನಾನು ಕಾಲಿಡಲ್ಲಮ್ಮ, ಟೈರ್ ಇಡ್ತೀನಿ.”

“ಬಾಯಿ ಮಾತ್ರ ಚೆನ್ನಾಗಿ ಬೆಳೆಸ್ಕೊಂಡಿದೀಯ,” ಎಂದಳು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ನನಗಾಗ ಇಪ್ಪತ್ತೆಂಟು. ಅಪ್ಪ ಟ್ಯಾಕ್ಸಿ ಡ್ರೈವರ್. ಹಳದಿ ಬೋರ್ಡಿನ ಒಂದು ಅಂಬಾಸಿಡರ್ ಇಟ್ಟುಕೊಂಡು, ಗಾಂಧಿನಗರದ ಒಂದು ಹೋಟೆಲಿನ ಅತಿಥಿಗಳನ್ನು ಕರೆತರುವುದು, ಊರು ತೋರಿಸುವುದು, ವಾಪಸ್ ಬಿಟ್ಟು ಬರುವುದು ಅವರ ಮೂವತ್ತು ವರ್ಷದ ಕೆಲಸ. ಅವರ ಕಣ್ಣು ಎರಡು ವರ್ಷದಿಂದ ಕೈಕೊಡುತ್ತಾ ಬಂದಿತ್ತು. ನೇರ ಎದುರಿಗಿದ್ದದ್ದು ಕಾಣುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಇನ್ನು ಗಾಡಿ ಓಡಿಸುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ ದಿನ ಅಪ್ಪ ಆಸ್ಪತ್ರೆಯಿಂದಲೇ ಸ್ಟಿಯರಿಂಗ್ ನನಗೆ ಬಿಟ್ಟು, ಪಕ್ಕದಲ್ಲಿ ಕೂರಲು ಮನಸ್ಸಾಗದೆ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬಂದಿದ್ದರು.

ನನಗೆ ಗಾಡಿ ಕಲಿಸಿದವರೂ ಅವರೇ. ತೊಂಬತ್ತರ ದಶಕದಲ್ಲಿ ಬಸವನಗುಡಿಯ ಬ್ಯೂಗಲ್ ರಾಕ್ ಸುತ್ತಿನ ರಸ್ತೆಗಳು ಭಾನುವಾರ ಬೆಳಿಗ್ಗೆ ಆರಕ್ಕೆ ಬಿಕೋ ಎನ್ನುತ್ತಿದ್ದವು. ಹೂವಿನವರು ಬುಟ್ಟಿ ಇಳಿಸುವ ಹೊತ್ತಿಗೆ ನನ್ನ ಕೈಲಿ ಗಾಂಧಿ ಬಜಾರಿನ ಉದ್ದಕ್ಕೂ ಹಿಮ್ಮುಖವಾಗಿ ಗಾಡಿ ಓಡಿಸುತ್ತಿದ್ದರು. ವಾಕಿಂಗ್ ಬಂದ ಯಜಮಾನರೊಬ್ಬರು ಕಿಟಕಿಯೊಳಗೆ ತಲೆ ಹಾಕಿ, “ಪಾಪ, ಗಂಡುಮಗ ಇಲ್ಲ ಅಂತ ಮಗಳಿಗೆ ಕಲಿಸ್ತಿದೀರೇನೋ?” ಎಂದು ಕೇಳಿದ್ದರು. ಅಪ್ಪ ನಕ್ಕುಬಿಟ್ಟರು. ನನಗೆ ಮೈ ಉರಿದುಹೋಯಿತು. ಈಗಲೂ ಉರಿಯುತ್ತದೆ. ನನಗೆ ನಾಲ್ಕು ಜನ ಅಣ್ಣಂದಿರಿದ್ದಿದ್ದರೂ ಆ ಗಾಡಿ ನಾನೇ ಓಡಿಸುತ್ತಿದ್ದೆ.

ನಾನು ಕೆಲಸ ಮಾಡುತ್ತಿದ್ದ ಟೈಪಿಂಗ್ ಶಾಲೆ ಕಂಪ್ಯೂಟರ್ ಬಂದ ಮೇಲೆ ಬಾಗಿಲು ಹಾಕಿತು. ಅಪ್ಪನ ಕಣ್ಣು, ನನ್ನ ಕೆಲಸ ಎರಡೂ ಒಂದೇ ವರ್ಷ ಹೋದವು. ಮನೆಯಲ್ಲಿ ಉಳಿದದ್ದು ಗಾಡಿ. ನಾನು ಟ್ಯಾಕ್ಸಿ ಓಡಿಸುವ ಲೈಸೆನ್ಸ್ ಮಾಡಿಸಿದೆ, ಬ್ಯಾಡ್ಜ್ ತೆಗೆದುಕೊಂಡೆ. ಊರೊಳಗಿನ ಸಣ್ಣಪುಟ್ಟ ಬಾಡಿಗೆಗೆ ಹೋಗತೊಡಗಿದೆ. ಮಲ್ಲೇಶ್ವರದ ಇಬ್ಬರು ಅಜ್ಜಿಯರನ್ನು ವಾರಕ್ಕೊಮ್ಮೆ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದೆ. ಅವರು ನನ್ನ ಡ್ರೈವಿಂಗ್ ನೋಡುತ್ತಲೇ ಇರಲಿಲ್ಲ, ಸೊಸೆಯರನ್ನು ಬೈಯುವುದರಲ್ಲಿ ಮುಳುಗಿರುತ್ತಿದ್ದರು. ಅಂಥ ಒಳ್ಳೆಯ ಗಿರಾಕಿಗಳು ಆಮೇಲೆ ಸಿಗಲಿಲ್ಲ.

ಅಡ್ಡ ಬಂದವರು ಚಿಕ್ಕಪ್ಪ. ಅಪ್ಪನ ತಮ್ಮ. ನಗರ್ತಪೇಟೆಯಲ್ಲಿ ಪಾತ್ರೆ ಅಂಗಡಿ. ಕೆಟ್ಟವರಲ್ಲ, ಆದರೆ ತನಗೆ ತಿಳಿಯದ ವಿಷಯ ಲೋಕದಲ್ಲಿ ಇದೆ ಎಂದು ಒಪ್ಪುವವರಲ್ಲ. ಗಾಡಿ ಮಾರಿಬಿಡಬೇಕು ಎಂದು ಹಟ ಹಿಡಿದು, ಕಲಾಸಿಪಾಳ್ಯದ ತರಕಾರಿ ವ್ಯಾಪಾರಿಯೊಬ್ಬರನ್ನು ಗೊತ್ತುಮಾಡಿಯೂ ಬಿಟ್ಟಿದ್ದರು. ಆತ ಭಾನುವಾರ ಬಂದು ಗಾಡಿ ನೋಡಿ ಮಾತು ಮುಗಿಸುವುದೆಂದು ಆಗಿತ್ತು.

“ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಅಂತ ಸುಮ್ನೆ ಹೇಳಿದಾರಾ ಹಿರಿಯರು? ಟ್ಯಾಕ್ಸಿ ಓಡಿಸ್ತಾಳಂತೆ!” ಎಂದರು ನಮ್ಮ ನಡುಮನೆಯಲ್ಲಿ ಕೂತು, ಅಮ್ಮ ಮಾಡಿದ ಕಾಫಿ ಕುಡಿಯುತ್ತಾ.

“ಕ್ಲಚ್ಚು, ಬ್ರೇಕು, ಆಕ್ಸಲರೇಟರ್ ಎಲ್ಲಾ ಇರೋದು ಮೊಣಕಾಲ ಕೆಳಗೇನೆ ಚಿಕ್ಕಪ್ಪ. ಬುದ್ಧಿನೂ ಅಲ್ಲೇ ಇದ್ರೆ ಅನುಕೂಲವೇ,” ಎಂದೆ.

ಅಪ್ಪನಿಗೆ ಕಾಫಿ ನೆತ್ತಿಗೇರಿತು. ಚಿಕ್ಕಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಅದೇ ವಾರ ಹೋಟೆಲಿನಿಂದ ಫೋನ್ ಬಂತು. ಶನಿವಾರ ಬರುವ ಪ್ರವಾಸಿಗರ ಹಡಗಿನಿಂದ ವಿದೇಶದ ಗಂಡ ಹೆಂಡತಿ ಇಳಿಯುತ್ತಾರೆ, ಹಡಗು ಮುಂದಕ್ಕೆ ಕೊಚ್ಚಿಗೆ ಹೋಗುತ್ತದೆ, ಇವರನ್ನು ಮಾತ್ರ ಬಂದರಿನೊಳಗಿಂದಲೇ ಹತ್ತಿಸಿಕೊಂಡು ಸಂಜೆಗೆ ಹೋಟೆಲಿಗೆ ತಲುಪಿಸಬೇಕು. ಅಪ್ಪ ಫೋನಿನಲ್ಲಿ, “ಡ್ರೈವರ್ ಹೊಸಬರು. ನಾನೇ ಕಲಿಸಿದ್ದು, ಯೋಚನೆ ಮಾಡ್ಬೇಡಿ,” ಎಂದರೇ ಹೊರತು ಆ ಹೊಸಬರು ಯಾರು ಎಂದು ಹೇಳಲಿಲ್ಲ. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಚಿಕ್ಕಪ್ಪನಿಗೆ ಮಾತ್ರ, “ಈ ಒಂದು ಟ್ರಿಪ್ ಮಾಡ್ಕೊಂಡು ಬರ್ಲಿ. ಗಾಡಿ ವಿಷಯ ಭಾನುವಾರ ಹೇಳ್ತೀನಿ,” ಎಂದರು. ಹೀಗೆ ನನ್ನ ಅನ್ನದ ದಾರಿ ಒಂದು ಟ್ರಿಪ್ಪಿನ ಮೇಲೆ ನಿಂತಿತು.

ಅದು ಶುಕ್ರವಾರ ಹೊರಡಬೇಕಾದ ಟ್ರಿಪ್. ಅಮ್ಮನ ಶಾಸ್ತ್ರದಲ್ಲಿ ಇದಕ್ಕೂ ಒಂದು ಕಳ್ಳದಾರಿ ಇತ್ತು. ಹೊರಡುವ ದಿನ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ಪ್ರಯಾಣದ ಒಂದು ಗಂಟನ್ನು ಹೋಗುವ ದಿಕ್ಕಿನ ಕಡೆಯ ಯಾರದಾದರೂ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟರೆ ನೀವೂ ಹೊರಟ ಹಾಗೆ. ಮರುದಿನ ಆ ಮನೆಯ ಮುಂದೆ ನಿಂತು ಗಂಟು ಎತ್ತಿಕೊಂಡು, ಹಿಂತಿರುಗಿ ನೋಡದೆ ಹೋದರೆ ಆಯಿತು. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ದೇವರ ಕಣ್ಣಿಗೇ ಮಣ್ಣೆರಚುವ ಈ ಏರ್ಪಾಡು ನಮ್ಮವರಿಗಲ್ಲದೆ ಬೇರೆ ಯಾರಿಗೆ ಹೊಳೆದೀತು!

ಗುರುವಾರ ಸಂಜೆ ಅಮ್ಮ ಅರಿಶಿನದ ಬಟ್ಟೆಯ ಗಂಟನ್ನು ಪಶ್ಚಿಮದ ಕಡೆಯ ರಸ್ತೆಯಲ್ಲಿದ್ದ ಟೀಚರ್ ಮನೆಗೆ ಕೊಟ್ಟು ಬಂದಳು. ಟೀಚರ್ ಎಂದರೆ ನನಗೆ ಪ್ರೈಮರಿಯಲ್ಲಿ ಪಾಠ ಹೇಳಿದ ಹೆಂಗಸು, ಆಗ ಎಪ್ಪತ್ತು ದಾಟಿತ್ತು. ನಾನು ಗಂಟಿನ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮನಿಗೆ ‘ಆಯ್ತು’ ಎಂದೆ, ಮನಸ್ಸಿನಲ್ಲಿ ‘ಆಗಲ್ಲ’ ಎಂದುಕೊಂಡೆ. ಆ ಟ್ರಿಪ್ ಗೆದ್ದು ಬಂದರೆ ಗೆದ್ದದ್ದು ನಾನೇ ಆಗಿರಬೇಕು, ಅಕ್ಕಿ ಕಾಳು, ಅರಿಶಿನದ ಕೊಂಬು ಅಲ್ಲ ಎಂಬ ಕೊಬ್ಬು ನನಗೆ. ಕೊಬ್ಬು ಎಂದೇ ಹೇಳುತ್ತೇನೆ, ಬೇರೆ ಚೆಂದದ ಹೆಸರು ಬೇಡ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹೊರಟೆ. ಅಮ್ಮ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟಳು, ಅದರ ಮೇಲೇನೋ ಗಾಡಿ ಹತ್ತಿಸಿ ಅಪ್ಪಚ್ಚಿ ಮಾಡಿದೆ. ಅಪ್ಪ ಗೇಟಿನಲ್ಲಿ ನಿಂತು, “ಟೀಚರ್ ಮನೆ ಹತ್ರ ನಿಲ್ಸು, ಮರೀಬೇಡ,” ಎಂದರು. ರಸ್ತೆ ತಿರುಗಿದರೆ, ಟೀಚರ್ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟು, ಎರಡೂ ಕೈಯಲ್ಲಿ ಗಂಟು ಹಿಡಿದು ತಮ್ಮ ಕಾಂಪೌಂಡಿನ ಹೊರಗೆ ಕಾಯುತ್ತಾ ನಿಂತಿದ್ದಾರೆ. ನಾನು ಹಾರ್ನ್ ಹೊಡೆದು, ಕೈ ಬೀಸಿ, ಮೂರನೇ ಗೇರಿನಲ್ಲೇ ಮುಂದೆ ಹೋದೆ. ಕನ್ನಡಿಯಲ್ಲಿ ಅವರು ಗಂಟು ಎತ್ತಿ ಹಿಡಿದು ಏನೋ ಕೂಗುತ್ತಿದ್ದದ್ದು ಕಂಡಿತು. ಮಾಗಡಿ ರಸ್ತೆ ಸೇರುವವರೆಗೂ ನನಗೆ ನಗು.

ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ. ಗಾಡಿ ಹೂವಿನ ಹಾಗೆ ಓಡಿತು. ಘಾಟಿಯಲ್ಲಿ ಲಾರಿಯವರು ನನ್ನನ್ನು ನೋಡಿ ಕ್ಲೀನರನ್ನು ಎಬ್ಬಿಸಿ ತೋರಿಸುತ್ತಿದ್ದರು. ತೋರಿಸಿಕೊಳ್ಳಲಿ ಎಂದು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ ಕೂತೆ. ಸಂಜೆ ಐದಕ್ಕೆ ಮಂಗಳೂರು. ಹೋಟೆಲಿನವರು ಹೇಳಿಟ್ಟಿದ್ದ ಲಾಡ್ಜಿನ ಮುಂದೆ ಗಾಡಿ ನಿಲ್ಲಿಸಿ, ನಾಳೆ ಬಂದರಿನ ಯಾವ ಗೇಟಿಗೆ ಹೋಗಬೇಕು ಎಂದು ನೋಡಲು ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದೆ. ಕಾಗದಪತ್ರ ಇಡುವ ಚೀಲ ಅಲ್ಲಿರಲಿಲ್ಲ.

ಆ ಚೀಲದಲ್ಲಿ ನನ್ನ ಲೈಸೆನ್ಸ್ ಇತ್ತು, ಬ್ಯಾಡ್ಜ್ ಇತ್ತು, ಗಾಡಿಯನ್ನು ಬಂದರಿನೊಳಗೆ ಬಿಡಲು ಹಡಗಿನ ಏಜೆಂಟರು ಫ್ಯಾಕ್ಸಿನಲ್ಲಿ ಕಳಿಸಿದ್ದ ಪಾಸ್ ಇತ್ತು. ಸೀಟಿನ ಕೆಳಗೆ ಹುಡುಕಿದೆ, ಡಿಕ್ಕಿಯಲ್ಲಿ ಹುಡುಕಿದೆ, ಮತ್ತೆ ಡಬ್ಬಿಯಲ್ಲಿ ಹುಡುಕಿದೆ. ಮೂರನೇ ಸಲ ಖಾಲಿ ಡಬ್ಬಿ ನೋಡುವಾಗ, ಟೀಚರ್ ಯಾಕೆ ಅಷ್ಟು ಜೋರಾಗಿ ಕೂಗುತ್ತಿದ್ದರು ಎಂದು ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದೆ. ಎತ್ತಿದವರು ಚಿಕ್ಕಪ್ಪ. ಭಾನುವಾರದ ವ್ಯಾಪಾರದ ಬಗ್ಗೆ ಮಾತಾಡಲೆಂದು ಶುಕ್ರವಾರವೇ ಬಂದು ಕೂತಿದ್ದರು.

“ಚಿಕ್ಕಪ್ಪ, ಅಪ್ಪಂಗೆ ಕೊಡಿ. ನನ್ನ ಲೈಸೆನ್ಸ್, ಪಾಸು ಮನೇಲಿದ್ಯಾ ಕೇಳ್ಬೇಕು.”

“ಲೈಸೆನ್ಸ್ ಮರೆತು ಹೋದ್ಯಾ? ಅಯ್ಯೋ ದೇವ್ರೇ! ಅಣ್ಣಾ, ನಿನ್ನ ಮಗಳು ಲೈಸೆನ್ಸೇ ಮರೆತು ಮಂಗಳೂರಿಗೆ ಹೋಗಿದಾಳೆ ನೋಡು!” ಅವರ ದನಿಯಲ್ಲಿದ್ದ ಸಂತೋಷ ಘಾಟಿ ಇಳಿದು ನನ್ನ ಕಿವಿಗೆ ಬಂತು.

ಅಪ್ಪ ಫೋನ್ ತೆಗೆದುಕೊಂಡರು. “ಟೀಚರ್ ಮನೇಲಿ ಗಂಟು ತಗೊಂಡಿಲ್ವಾ?” ಎಂದರು. ಇಲ್ಲ ಎಂದೆ. “ರಾಜರು ಪ್ರಸ್ಥಾನಕ್ಕೆ ಕತ್ತಿ ಇಡ್ತಿದ್ರಂತೆ. ಡ್ರೈವರ್ ಏನಿಡ್ಬೇಕು? ಕಾಗದ ಎಲ್ಲಾ ಅದರಲ್ಲೇ ಇದೆ,” ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ವಾಸಿಯಾಗಿರುತ್ತಿತ್ತು, ತಿರುಗಿ ಏನಾದರೂ ಹೇಳಬಹುದಿತ್ತು. ಹಿಂದಿನಿಂದ ಚಿಕ್ಕಪ್ಪ, “ಗಾಡಿ ಅಲ್ಲೇ ನಿಲ್ಸಿ ಬಸ್ ಹತ್ತಿ ಬರೋಕ್ಕೇಳು. ಬೇರೆ ಡ್ರೈವರ್ ಕಳ್ಸೋಣ,” ಎನ್ನುತ್ತಿದ್ದರು.

“ಬಸ್ ಹತ್ತಲ್ಲ ಅಂತ ಹೇಳಿ ಅವ್ರಿಗೆ,” ಎಂದೆ.

“ಬೆಳಿಗ್ಗೆ ಆರಕ್ಕೆ ಬಸ್ ಸ್ಟ್ಯಾಂಡಲ್ಲಿರು,” ಎಂದು ಅಪ್ಪ ಫೋನ್ ಇಟ್ಟರು. ಮರೆತು ಹೋದಳು, ನೆನಪಾದರೆ ವಾಪಸ್ ಬರುತ್ತಾಳೆ ಎಂದು ಟೀಚರ್ ಸಂಜೆಯವರೆಗೂ ಗಂಟು ತಮ್ಮ ಹತ್ತಿರವೇ ಇಟ್ಟುಕೊಂಡು ಕಾದಿದ್ದರಂತೆ, ಆಮೇಲೆ ತಿಳಿಯಿತು.

ಡ್ರೈವರುಗಳಲ್ಲಿ ಒಂದು ನಡವಳಿಕೆ ಇದೆ. ಕಲಾಸಿಪಾಳ್ಯದಿಂದ ರಾತ್ರಿ ಹೊರಡುವ ಬಸ್ಸಿನ ಡ್ರೈವರ್ ಕೈಗೆ ಏನು ಕೊಟ್ಟರೂ, ಊರು, ಗಾಡಿ ನಂಬರ್ ಹೇಳಿದರೆ ಸಾಕು, ಬೆಳಿಗ್ಗೆ ತಲುಪಿಸುತ್ತಾನೆ. ಒಬ್ಬರಿಗೊಬ್ಬರು ಗುರುತಿರಬೇಕೆಂದಿಲ್ಲ. ನಾನು ಐದೂವರೆಗೇ ಹೋಗಿ ನಿಂತಿದ್ದೆ. ಆರೂಕಾಲಿಗೆ ಬಸ್ ಬಂತು. ಡ್ರೈವರ್ ನನ್ನ ಗಾಡಿ ನಂಬರ್ ನೋಡಿಕೊಂಡು ಸೀಟಿನ ಹಿಂದಿನಿಂದ ಆ ಅರಿಶಿನದ ಗಂಟು ತೆಗೆದು ಕೊಟ್ಟ.

“ನಿಮ್ಮ ತಂದೆನಾ ಅಕ್ಕ? ಒಬ್ರೇ ಬಂದಿದ್ರು. ಕಣ್ಣು ಸರಿಯಾಗಿ ಕಾಣಲ್ಲ ಅನ್ಸುತ್ತೆ. ನಾಲ್ಕು ಬಸ್ ಹತ್ತಿ ಇಳಿದು ನಮ್ಮ ಬಸ್ ಹುಡುಕಿದಾರೆ ಪಾಪ.”

ಚಾಮರಾಜಪೇಟೆಯಿಂದ ಕಲಾಸಿಪಾಳ್ಯಕ್ಕೆ ದೂರವೇನೂ ಇಲ್ಲ. ಕಣ್ಣಿದ್ದವರಿಗೆ ಇಪ್ಪತ್ತು ನಿಮಿಷ. ಆಟೊ, ಕೈಗಾಡಿ, ತರಕಾರಿ ಮೂಟೆ, ಹೊರಡಲು ಹಾರ್ನ್ ಒತ್ತುತ್ತಿರುವ ಬಸ್ಸುಗಳ ನಡುವೆ, ಪಕ್ಕದಿಂದ ಬಂದದ್ದೇನೂ ಕಾಣದ ಅಪ್ಪ ಗಂಟು ಎದೆಗವಚಿಕೊಂಡು ನಡೆದದ್ದನ್ನು ನಾನು ನೋಡಲಿಲ್ಲ. ನೋಡದಿದ್ದರೂ ಈಗಲೂ ಅದು ನನಗೆ ಕಾಣುತ್ತದೆ. ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಾನು ಅತ್ತೆ, ಎರಡು ನಿಮಿಷ. ಆಮೇಲೆ ಮುಖ ತೊಳೆದು, ಗಂಟಿನಿಂದ ಚೀಲ ತೆಗೆದು, ಬ್ಯಾಡ್ಜ್ ಸಿಕ್ಕಿಸಿಕೊಂಡು ಬಂದರಿಗೆ ಹೊರಟೆ.

ಗೇಟಿನ ಕಾವಲಿನವನು ಕಾಗದ ನೋಡಿ, ಹಿಂದಿನ ಸೀಟು ನೋಡಿ, ನನ್ನನ್ನು ನೋಡಿದ. “ಡ್ರೈವರ್ ಎಲ್ಲಿ ಮಾರಾಯ್ರೇ?”

“ನಿಮ್ಮ ಕೈಯಲ್ಲಿರೋ ಫೋಟೊ ನೋಡಿ. ಆಮೇಲೆ ನನ್ನ ಮುಖ ನೋಡಿ.”

ಅವನು ಪಾಪ ನಿಜವಾಗಿಯೂ ಎರಡು ಸಲ ಹಾಗೆ ಮಾಡಿದ. ಆಮೇಲೆ ನಗುತ್ತಾ ಗೇಟಿನ ಅಡ್ಡತೊಲೆ ಎತ್ತಿದ. ಹಡಗನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಮ್ಮ ಬೀದಿಯ ಮನೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಸುಣ್ಣ ಬಳಿದು ನೀರಿನಲ್ಲಿ ನಿಲ್ಲಿಸಿದ ಹಾಗಿತ್ತು. ಇಳಿದು ಬಂದ ಗಂಡ ಹೆಂಡತಿ ಇಬ್ಬರಿಗೂ ಎಪ್ಪತ್ತರ ಹತ್ತಿರ. ಆಕೆಗೆ ಸಮುದ್ರ ಒಗ್ಗದೆ ಮೂರು ದಿನದಿಂದ ವಾಂತಿ, ಮುಖ ಬಿಳಿಚಿತ್ತು. ಆತ ನನ್ನ ಕೈಯ ಬೋರ್ಡಿನಲ್ಲಿ ತಮ್ಮ ಹೆಸರು ಓದಿ, ಸೂಟ್‌ಕೇಸ್ ನನಗೆ ಕೊಟ್ಟು, ಡ್ರೈವರ್ ಯಾವಾಗ ಬರುತ್ತಾನೆ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ಬಂದಾಯಿತು, ನಾನೇ, ಎಂದೆ. ಹೊರದೇಶದವರು ಬಹಳ ಮುಂದುವರಿದವರು ಎಂದು ನಾನು ಕೇಳಿದ್ದೆ. ಆತನ ಮುಖ ನೋಡಿದ ಮೇಲೆ ಚಿಕ್ಕಪ್ಪ ಎಲ್ಲ ದೇಶದಲ್ಲೂ ಇದ್ದಾರೆ ಎಂದು ಖಾತ್ರಿಯಾಯಿತು.

ಹೆಂಡತಿ ಹಿಂದೆ ಮಲಗಿದಳು. ಆತ ನನ್ನ ಪಕ್ಕದಲ್ಲೇ ಕೂತ, ನನ್ನನ್ನು ಕಾಯಲು. ಎದುರಿಗೆ ಲಾರಿ ಬಂದಾಗಲೆಲ್ಲ ತನ್ನ ಬಲಗಾಲಿನಿಂದ ಇಲ್ಲದ ಬ್ರೇಕ್ ಒತ್ತುತ್ತಿದ್ದ. ಉಪ್ಪಿನಂಗಡಿಯವರೆಗೆ ತಾಳಿಕೊಂಡೆ. ಆಮೇಲೆ ನಗುನಗುತ್ತಲೇ ಹೇಳಿದೆ, ಸ್ವಾಮಿ, ಈ ಗಾಡಿಯಲ್ಲಿ ಬ್ರೇಕ್ ಒಂದು ಕಡೆ ಮಾತ್ರ ಇದೆ, ಅದು ನನ್ನ ಕಡೆ ಇದೆ. ನಮ್ಮ ಸ್ಕೂಲ್ ಇಂಗ್ಲಿಷಿನಲ್ಲಿ ಅದು ಎಷ್ಟು ಒರಟಾಗಿ ಬಂತೋ ಗೊತ್ತಿಲ್ಲ, ಆತ ಕಾಲು ಮಡಚಿ ಕೂತ.

ಶಿರಾಡಿ ಘಾಟಿಯ ತಿರುವು ಶುರುವಾದಾಗ ಹೆಂಡತಿಗೆ ಮತ್ತೆ ಹೊಟ್ಟೆ ತೊಳಸಿತು. ಗಾಡಿ ಬದಿಗೆ ನಿಲ್ಲಿಸಿ ನೀರು ಕೊಟ್ಟೆ. ಏನು ಮಾಡುವುದು ತಿಳಿಯದೆ ಪಕ್ಕದಲ್ಲಿದ್ದ ಗಂಟನ್ನು ಮತ್ತೆ ಬಿಚ್ಚಿದೆ. ಅಕ್ಕಿ, ಅರಿಶಿನದ ಕೊಂಬು, ವೀಳ್ಯದೆಲೆ, ಅಡಿಕೆ, ಒಂದು ನಿಂಬೆಹಣ್ಣು. ನಿಂಬೆಹಣ್ಣಿಗೆ ಉಗುರಿನಿಂದ ಗೀರಿ, ಮೂಸಿ ನೋಡುತ್ತಿರಿ ಎಂದು ಆಕೆಯ ಕೈಗಿಟ್ಟೆ. ಆಕೆ ಅದನ್ನು ಮೂಗಿಗೆ ಹಿಡಿದುಕೊಂಡೇ ಘಾಟಿ ಹತ್ತಿದಳು. ಸಕಲೇಶಪುರದಲ್ಲಿ ಎದ್ದು ಕೂತು ಕಾಫಿ ಬೇಕೆಂದಳು. ಇದನ್ನು ಕೇಳಿದ ಅಮ್ಮ ಆಮೇಲೆ, “ನೋಡಿದ್ಯಾ ಪ್ರಸ್ಥಾನದ ಮಹಿಮೆ?” ಎಂದಳು. ಮಹಿಮೆ ನಿಂಬೆಹಣ್ಣಿನದು. ಅಂಗಡಿಯಲ್ಲಿ ಕೊಂಡಿದ್ದರೂ ಅದು ಅಷ್ಟೇ ಕೆಲಸ ಮಾಡುತ್ತಿತ್ತು. ಈ ವಿಷಯದಲ್ಲಿ ನಾನು ಇವತ್ತಿಗೂ ಒಂದಿಂಚು ಬಿಟ್ಟುಕೊಟ್ಟಿಲ್ಲ.

ಹಾಸನ ದಾಟುವ ಹೊತ್ತಿಗೆ ಆತ ನಿದ್ದೆ ಹೋಗಿದ್ದ, ಬಾಯಿ ತೆರೆದುಕೊಂಡು, ತಲೆ ನನ್ನ ಭುಜದ ಕಡೆ ವಾಲಿಸಿಕೊಂಡು. ನನ್ನ ಮೇಲೆ ಕಾವಲಿಗೆ ಕೂತವನು ಗೊರಕೆ ಹೊಡೆದದ್ದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ. ಸಂಜೆ ಆರಕ್ಕೆ ಸ್ವಲ್ಪ ಮುಂಚೆ ಹೋಟೆಲಿನ ಪೋರ್ಟಿಕೊದಲ್ಲಿ ಗಾಡಿ ನಿಲ್ಲಿಸಿದೆ. ಟ್ರಾವೆಲ್ ಡೆಸ್ಕಿನವರು ಹೊರಗೆ ಬಂದು ನನ್ನನ್ನು ನೋಡಿ ಗಾಡಿ ಸುತ್ತ ಒಂದು ಸುತ್ತು ಹಾಕಿದರು. ಗೀರು ಹುಡುಕುತ್ತಿದ್ದರೇನೋ. ಸಿಗಲಿಲ್ಲ. “ನಿಮ್ಮ ತಂದೆ ಒಂದು ಮಾತು ಹೇಳ್ಬಹುದಿತ್ತಲ್ಲಮ್ಮ,” ಎಂದರು.

“ಹೇಳಿದ್ರೆ ಕಳಿಸ್ತಿದ್ರಾ ಸಾರ್?”

ಅವರು ಕಾಗದಕ್ಕೆ ಸಹಿ ಹಾಕಿ ಕೊಟ್ಟರು. ಮನೆಗೆ ಹೋಗುವಾಗ ನನಗೆ ಟ್ರಿಪ್ ಮುಗಿದ ಖುಷಿ ಇರಲಿಲ್ಲ. ಚಿಕ್ಕಪ್ಪನ ದನಿ ಕಿವಿಯಲ್ಲಿತ್ತು. ಅತಿಥಿಗಳು ಸುರಕ್ಷಿತವಾಗಿ ತಲುಪಿದರು ಎಂಬುದು ಅವರ ಲೆಕ್ಕಕ್ಕೇ ಬರುವುದಿಲ್ಲ. ಲೈಸೆನ್ಸ್ ಮರೆತವಳು ಎಂಬ ಒಂದೇ ಮಾತು ಸಾಕು, ಭಾನುವಾರ ಗಾಡಿ ಕಲಾಸಿಪಾಳ್ಯದ ತರಕಾರಿ ಮೂಟೆ ಹೊರಲು ಹೋಗುತ್ತದೆ.

ಭಾನುವಾರ ಹತ್ತು ಗಂಟೆಗೆ ಅವರು ಬಂದರು, ಚಿಕ್ಕಪ್ಪ ಮತ್ತು ಆ ವ್ಯಾಪಾರಿ. ವ್ಯಾಪಾರಿ ಒಳ್ಳೆಯ ಮನುಷ್ಯ, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಗಾಡಿ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಅಪ್ಪನನ್ನು ಹೊಗಳಿ, ಚಾಪೆಯ ಮೇಲೆ ಕೂತ. ಚಿಕ್ಕಪ್ಪ ಕೂರುವ ಮೊದಲೇ ಶುರುಮಾಡಿದರು.

“ಒಂದೇ ಟ್ರಿಪ್ ಕೊಟ್ಟಿದ್ದು, ಅದರಲ್ಲಿ ಲೈಸೆನ್ಸ್ ಮರೆತಳು. ನಾಳೆ ಬ್ರೇಕ್ ಹಾಕೋದು ಮರೀತಾಳೆ. ನಾನೇನು ಅವಳ ಶತ್ರುನಾ? ನೀನೇ ಯೋಚ್ನೆ ಮಾಡಣ್ಣ.”

ಅಮ್ಮ ಅಡುಗೆಮನೆಯಿಂದ, “ಮೊದಲ್ನೇ ಸಲ ದೂರ ಹೋಗಿದ್ದು, ಗಾಬರೀಲಿ ಮರೆತಿದಾಳೆ ಪಾಪ. ಯಾರು ಮರೆಯಲ್ಲ?” ಎಂದಳು. ನನ್ನನ್ನು ಕಾಪಾಡಲೆಂದೇ ಹೇಳಿದಳು. ಪಾಪ ಎಂಬ ಆ ಮಾತಿನ ಕೆಳಗೆ ನುಸುಳಿ ಕೂತರೆ ನನಗೂ ಬೈಗುಳ ತಪ್ಪುತ್ತಿತ್ತು. ಟೀಚರಿಗೆ ಮಾಡಿದ ಅವಮಾನ, ಅಮ್ಮನಿಗೆ ಹೇಳಿದ ಸುಳ್ಳು ಎರಡೂ ಮುಚ್ಚಿಹೋಗುತ್ತಿದ್ದವು.

ಅಪ್ಪ ನನ್ನ ಕಡೆ ತಿರುಗಿದರು. ನೇರ ನೋಡಿದರೆ ಮಾತ್ರ ಕಾಣುತ್ತಿದ್ದ ಕಣ್ಣು, ಹಾಗಾಗಿ ಪೂರ್ತಿ ತಿರುಗಿ ನನ್ನ ಎದುರೇ ಕೂತರು. “ಮರೆತ್ಯಾ?”

“ಇಲ್ಲ,” ಎಂದೆ. “ನಾನೇನೂ ಮರೆತಿಲ್ಲ. ಟೀಚರ್ ಗಂಟು ಹಿಡ್ಕೊಂಡು ನಿಂತಿದ್ದನ್ನ ನೋಡಿದೆ. ಬೇಕಂತಲೇ ನಿಲ್ಸದೆ ಹೋದೆ. ಅಕ್ಕಿ ಅರಿಶಿನ ಕಟ್ಕೊಂಡು ಹೋಗಿ ಗೆಲ್ಲೋದು ನಂಗೆ ಬೇಡವಾಗಿತ್ತು. ಅದರಲ್ಲಿ ಕಾಗದ ಇದೆ ಅಂತ ಗೊತ್ತಿರ್ಲಿಲ್ಲ ಅಷ್ಟೇ. ಮಾರೋದಾದ್ರೆ ಕೊಬ್ಬಿದವಳು ಅಂತ ಮಾರಿ. ಮರೆಯೋಳು ಅಂತ ಮಾರ್ಬೇಡಿ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಅವಳು ಅದಾದ ಮೇಲೆ ಎಂಟು ದಿನ ನನಗೆ ಊಟ ಬಡಿಸಿದಳೇ ಹೊರತು ಒಂದು ಮಾತಾಡಲಿಲ್ಲ. ಟೀಚರ್ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದ ದಿನ ಮಾತು ಶುರುವಾಯಿತು.

“ಕೇಳಿದ್ಯಾ ಅಣ್ಣಾ? ಬಾಯಿ ನೋಡು!” ಎಂದರು ಚಿಕ್ಕಪ್ಪ.

ಅಪ್ಪ ಅವರನ್ನು ಕೈಸನ್ನೆಯಿಂದ ಸುಮ್ಮನಿರಿಸಿದರು. “ಅವತ್ತು ಗಂಟು ಬಿಟ್ಟು ಹೋಗ್ತಾಳೆ ಅಂತ ನಂಗೆ ಅನುಮಾನ ಇತ್ತು. ಅದಕ್ಕೇ ಕಾಗದ ಅದರಲ್ಲಿಟ್ಟೆ. ಹೊರಡೋ ಮುಂಚೆ ಡಬ್ಬಿ ತೆಗೆದು ಕಾಗದ ನೋಡ್ತಾಳೆ, ಇಲ್ಲ ಅಂತ ಗೊತ್ತಾಗತ್ತೆ, ಕೇಳ್ತಾಳೆ ಅಂದ್ಕೊಂಡೆ. ನೋಡ್ಲೇ ಇಲ್ಲ.” ನನಗೆ ಹೇಳಿದರು: “ಶಾಸ್ತ್ರ ಬಿಟ್ಟೆ, ಅದು ನಿನ್ನ ನಿಮ್ಮಮ್ಮನ ಜಗಳ, ನೀವೇ ಬಗೆಹರಿಸ್ಕೊಳ್ಳಿ. ಕಾಗದ ನೋಡ್ದೆ ಗಾಡಿ ತೆಗೆದೆ. ಅದು ಡ್ರೈವರ್ ತಪ್ಪು. ಹೌದಾ ಅಲ್ವಾ?”

“ಹೌದು,” ಎಂದೆ. ಆ ಮೂರು ದಿನದಲ್ಲಿ ನಾನು ಸೋತು ಹೇಳಿದ ಮಾತು ಅದೊಂದೇ. ಅದು ನನಗೆ ಬೂತಿನಲ್ಲೇ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಹೊರಡುವ ಮೊದಲು ಏನೇನು ನೋಡಬೇಕೆಂದು ಬಸವನಗುಡಿಯ ರಸ್ತೆಯಲ್ಲಿ ಎಷ್ಟು ಭಾನುವಾರ ಅವರು ಬಾಯಿಪಾಠ ಮಾಡಿಸಿದ್ದರು!

ಅಪ್ಪ ವ್ಯಾಪಾರಿಯ ಕಡೆ ತಿರುಗಿ ಕೈಮುಗಿದರು. “ನಿಮಗೆ ತೊಂದರೆ ಕೊಟ್ಟೆ, ಬೇಜಾರು ಮಾಡ್ಕೋಬೇಡಿ. ಗಾಡಿ ಕೊಡಲ್ಲ.” ಆಮೇಲೆ ತಮ್ಮನಿಗೆ, “ಮರೆತೆ ಅಂದಿದ್ರೆ ಇವತ್ತೇ ಮಾರ್ತಿದ್ದೆ ಕಣೋ. ಮರೆಯೋರಿಗೆ ಏನು ಹೇಳ್ಕೊಡೋದು? ಹಟ ಮಾಡೋರಿಗೆ ಹೇಳ್ಕೊಡಬಹುದು,” ಎಂದರು.

ಚಿಕ್ಕಪ್ಪ ಕಾಫಿಗೂ ಕಾಯದೆ ಎದ್ದರು. ವ್ಯಾಪಾರಿ ಮಾತ್ರ ಕಾಫಿ ಕುಡಿದು, ತನ್ನ ತಾಯಿಯನ್ನು ಮುಂದಿನ ವಾರ ಆಸ್ಪತ್ರೆಗೆ ಕರೆದೊಯ್ಯಬೇಕು, ಗಾಡಿ ಸಿಗುತ್ತದೆಯೇ ಎಂದು ನನ್ನನ್ನು ಕೇಳಿ ಹೋದ.

ಅವರು ಹೋದ ಮೇಲೆ ಅಪ್ಪ ಅಂಗಿ ಹಾಕಿಕೊಂಡು ಹೊರಗೆ ಬಂದರು. ಗೋಡೆ ಮುಟ್ಟಿಕೊಂಡು ಗಾಡಿಯ ಹತ್ತಿರ ಹೋಗಿ, ಕಣ್ಣು ಹೋದ ಮೇಲೆ ಮೊದಲ ಸಲ ಮುಂದಿನ ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ನಾನು ಸ್ಟಿಯರಿಂಗ್ ಮುಂದೆ ಕೂತೆ.

“ಈಗ ಹೇಳು,” ಎಂದರು. “ಗಾಡಿ ತೆಗೆಯೋ ಮುಂಚೆ ಡ್ರೈವರ್ ಏನೇನು ನೋಡ್ಬೇಕು?”

ನಾನು ಒಂದೊಂದೇ ನೋಡುತ್ತಾ ಬಂದೆ. ಡಬ್ಬಿ ತೆಗೆದು ಕಾಗದ ಮುಟ್ಟಿ ನೋಡಿದೆ, ಕನ್ನಡಿ ಸರಿಮಾಡಿದೆ, ಆಮೇಲೆ ಅಪ್ಪನ ಕಡೆ ನೋಡಿದೆ.

“ನಿಮ್ಮ ಬಾಗಿಲು ಸರಿಯಾಗಿ ಹಾಕಿಲ್ಲ,” ಎಂದೆ. “ಹಾಕೋವರೆಗೂ ನಾನು ಗಾಡಿ ತೆಗೆಯಲ್ಲ.”

ಅಪ್ಪ ಬಾಗಿಲು ತೆರೆದು, ಮತ್ತೆ ಗಟ್ಟಿಯಾಗಿ ಹಾಕಿಕೊಂಡರು.